ಕರಗಿಹೋಗುವ ರಕ್ತನಾಳ

ಕಮಾನು ಕಟ್ಟುವ ಗಾರೆಯವನು ಮೊದಲು ಮರದ ಅಚ್ಚನ್ನು ನಿಲ್ಲಿಸುವನು. ಕಲ್ಲುಗಳು ಒಂದನ್ನೊಂದು ಹಿಡಿದು ನಿಂತ ಮೇಲೆ ಅದನ್ನು ತೆಗೆದುಬಿಡುವನು. ಶಸ್ತ್ರವೈದ್ಯರು ಈ ಉಪಾಯವನ್ನೇ ರಕ್ತನಾಳಗಳಲ್ಲಿ ಪ್ರಯೋಗಿಸಿರುವ ಸಂಗತಿಯನ್ನು ನಮ್ಮ ವಾಚಕರಿಗೆ ತಿಳಿಸಬಯಸುತ್ತೇವೆ.

ಕೆಟ್ಟ ನಾಳಕ್ಕೆ ಬದಲಾಗಿ ಡೆಕ್ರಾನ್ ಎಂಬ ಕೃತಕ ನೂಲಿನ ನಳಿಕೆಯನ್ನು ಹೊಲಿಯುವ ಪದ್ಧತಿಯು 1950ರ ದಶಕದಿಂದ ನಡೆದುಬಂದಿದೆ. ದೊಡ್ಡ ನಾಳಗಳಿಗೆ ಅದು ಒಪ್ಪುವುದು; 6 ಮಿಲಿಮೀಟರಿಗಿಂತ ಕಿರಿದಾದವುಗಳಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚುವುದುಂಟು. ಮಕ್ಕಳ ವಿಷಯದಲ್ಲಿ ಇನ್ನೊಂದು ಕೊರತೆಯಿದೆ. ಮಗು ಬೆಳೆಯುವುದು, ನಳಿಕೆ ಬೆಳೆಯದು. ಆಗ ಎಳೆಯ ಎದೆಯನ್ನು ಮತ್ತೊಮ್ಮೆ ಸೀಳಬೇಕಾದೀತು.

1999ನೆಯ ಇಸವಿಯ ಮೇ ತಿಂಗಳಲ್ಲಿ, ಜಪಾನಿನ ಟೋಕಿಯೋ ನಗರದಲ್ಲಿ, ಡಾಕ್ಟರ್ ಷಿನೋಕಾ ಮತ್ತು ಸಂಗಡಿಗರು 4 ವರ್ಷದ ಬಾಲೆಯೊಬ್ಬಳಿಗೆ ಬೇರೆ ಬಗೆಯ ನಳಿಕೆಯನ್ನು ಜೋಡಿಸಿದರು. ಹೃದಯದೋಷದೊಡನೆ ಹುಟ್ಟಿದ್ದ ಅವಳಲ್ಲಿ, ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ನಾಳವೊಂದು ಮುಚ್ಚಿಹೋಗಿದ್ದಿತು. ಅವಳದೇ ಸಿರೆಯಿಂದ ಸುಮಾರು 2 ಸೆಂಟಿಮೀಟರು ತುಂಡನ್ನು ತೆಗೆದು, ಅದರ ಜೀವಕೋಶಗಳನ್ನು ಬೆಳೆಸಿ, ನಳಿಕೆಯಲ್ಲಿ ಬಿತ್ತಿದರು. ಗಾಯದ ಹೊಲಿಗೆಯಲ್ಲಿ ತಾನಾಗಿ ಕರಗುವ ನೂಲಿನ ಜಾತಿಯ ವಸ್ತುಗಳಿಂದ ಮಾಡಿದ ಆ ನಳಿಕೆಯು 8 ವಾರಗಳಲ್ಲಿ ಕರಗತಕ್ಕದ್ದು. ಅಷ್ಟರೊಳಗೆ ದೇಹವು ತನ್ನ ಗೋಡೆಯನ್ನು ತಾನೇ ಕಟ್ಟಿಕೊಳ್ಳಬೇಕು. 7 ತಿಂಗಳಾದ ಮೇಲೆ ನೋಡಿದಾಗ ನಾಳವು ಮುಚ್ಚಿರಲಿಲ್ಲ.

ಇದರಿಂದ ಕಾರ್ಯವೆಲ್ಲವೂ ಸಿದ್ಧಿಸಿತೆಂದು ನಾವು ಹೇಳಲಾರೆವು. ಇಂಥ ನಾಳಗಳು ಮುಂದೆ ಕೆಲವರಲ್ಲಿ ಕಿರಿದಾಗಿ, ಬಲೂನಿನಿಂದ ಹಿಗ್ಗಿಸಬೇಕಾಯಿತು. ಕರಗುವ ವೇಗಕ್ಕೂ ಕಟ್ಟುವ ವೇಗಕ್ಕೂ ಹೊಂದಿಕೆ ಬೇಕು. ಅಚ್ಚನ್ನು ಬೇಗ ತೆಗೆದರೆ ಕಮಾನು ನಿಲ್ಲುವುದೆ? ಆ ಹದವು ಕೈಗೂಡಿದ ದಿನ, ಎಷ್ಟೋ ತಾಯಿತಂದೆಗಳು ಅದೇ ಮಗುವನ್ನು ಎತ್ತಿಕೊಂಡು ಎರಡನೆಯ ಸಲ ಶಸ್ತ್ರಶಾಲೆಯ ಬಾಗಿಲಲ್ಲಿ ನಿಲ್ಲಬೇಕಾಗದು.