ಜೋತುಬಿದ್ದ ಬಾನೆಟ್ ಹೊದಿಕೆ: ದುರಸ್ತಿ ಮತ್ತು ಲೆಕ್ಕ

ಸಂಸ್ಥೆಯ ಕಾರಿನ ಅಥವಾ ಸರಕು ಸಾಗಿಸುವ ಪಿಕಪ್ ವಾಹನದ ಬಾನೆಟ್ ಎತ್ತಿದಾಗ, ಅದರ ಒಳಮೈಗೆ ಅಂಟಿಕೊಂಡಿರಬೇಕಾದ ಕಪ್ಪು ಹೊದಿಕೆಯು ಒಂದು ಮೂಲೆಯಲ್ಲಿ ಜೋತುಬಿದ್ದಿರುವುದು ಅನೇಕ ವರ್ತಕರ ಕಣ್ಣಿಗೆ ಬಿದ್ದಿರುತ್ತದೆ. ವಾಹನದ ಓಟಕ್ಕೆ ಅದರಿಂದ ಅಡ್ಡಿಯಿಲ್ಲವಾದುದರಿಂದ ಚಾಲಕನು ಹೇಳುವುದಿಲ್ಲ, ಮಾಲೀಕನು ಕೇಳುವುದಿಲ್ಲ. ಆದರೆ ಎಣ್ಣೆ ಹೀರಿಕೊಂಡು ಬಿಸಿ ಎಂಜಿನ್ನಿನ ಮೇಲೆ ತೂಗಾಡುವ ಹೊದಿಕೆಯು ಬತ್ತಿಗೆ ಸಮಾನ.

ಮೆಕ್ಯಾನಿಕ್‌ಗಳು ಬಾನೆಟ್ ಲೈನರ್ ಅಥವಾ ಇನ್ಸುಲೇಟರ್ ಎಂದು ಕರೆಯುವ ಈ ಹೊದಿಕೆಯು ಗಾಜಿನ ನಾರು, ಹತ್ತಿ ಅಥವಾ ಪಾಲಿಯೆಸ್ಟರ್ ನಾರನ್ನು ಒತ್ತಿ ತಯಾರಿಸಿದ ದಪ್ಪ ಹಾಳೆ. ಎಂಜಿನ್ನಿನ ಸದ್ದನ್ನು ಹೀರುವುದು, ಶಾಖದಿಂದ ಬಾನೆಟ್ಟಿನ ಬಣ್ಣವನ್ನು ಕಾಪಾಡುವುದು ಇದರ ಕೆಲಸ. ಇದನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳು ವರ್ಷಗಟ್ಟಲೆ ಶಾಖ ತಿಂದು ಪೆಡಸಾಗಿ ಮುರಿಯುತ್ತವೆ. ನಾರಿನ ಪದರಗಳೂ ಬಿಡಿಸಿಕೊಳ್ಳುತ್ತವೆ. ಒತ್ತಡದ ನೀರಿನಿಂದ ಎಂಜಿನ್ ತೊಳೆಸಿದರೆ ಹೊದಿಕೆಯು ನೀರು ಕುಡಿದು ಭಾರವಾಗುತ್ತದೆ. ಮಂಡಿ, ಗೋದಾಮುಗಳ ಬಳಿ ರಾತ್ರಿ ನಿಲ್ಲುವ ವಾಹನಗಳಿಗೆ ಇಲಿಯ ಕಾಟ ಬೇರೆ. ಗೂಡಿಗೆ ಇದಕ್ಕಿಂತ ಮೆತ್ತನೆಯ ಸಾಮಗ್ರಿ ಅದಕ್ಕೆಲ್ಲಿ ಸಿಕ್ಕೀತು!

ಹೊದಿಕೆಯು ಗಟ್ಟಿಯಾಗಿದ್ದು ಕ್ಲಿಪ್ಪು ಮಾತ್ರ ಮುರಿದಿದ್ದರೆ ಅದೇ ಅಳತೆಯ ಹೊಸ ಕ್ಲಿಪ್ಪು ಸಾಕು. ಕ್ಲಿಪ್ಪಿನ ರಂಧ್ರ ಹರಿದು ಅಗಲವಾಗಿದ್ದರೆ ಅಗಲ ತಲೆಯ ಕ್ಲಿಪ್ಪು ಹಾಕಬಹುದು. ಕ್ಲಿಪ್ಪಿನ ಬದಲು ಉದ್ದನೆಯ ತಿರುಪು ಬಿಗಿಸುವ ಅಭ್ಯಾಸವು ಒಳ್ಳೆಯದಲ್ಲ; ಅದರ ಮೊನೆಯು ಹೊರತಗಡಿಗೆ ತಾಗಿ ಬಾನೆಟ್ಟಿನ ಮೇಲೆ ಗುಳ್ಳೆ ಏಳಿಸುತ್ತದೆ. ನಡುಭಾಗ ಜೋತುಬಿದ್ದಿದ್ದರೆ ತಗಡಿನ ಧೂಳು, ಜಿಡ್ಡುಗಳನ್ನು ಪೂರ್ಣ ಒರೆಸಿ ಒಣಗಿಸಿದ ನಂತರ ಅಂಟು ಹಚ್ಚಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಸಾಮಾನ್ಯ ಅಂಟು ಎಂಜಿನ್ನಿನ ಶಾಖಕ್ಕೆ ಮೆದುವಾಗಿ, ರಾಯಚೂರು, ಕಲಬುರಗಿಯ ಒಂದು ಬೇಸಿಗೆಯನ್ನೂ ತಾಳದು. ಡಬ್ಬಿಯ ಮೇಲೆ ತಾಪಸಹನೆಯನ್ನು ಓದಿ, ಎಂಜಿನ್ ಭಾಗಕ್ಕೆ ಯೋಗ್ಯವೆಂದು ನಮೂದಿಸಿದ್ದನ್ನೇ ಕೊಳ್ಳಬೇಕು. ಅಂಟಿನ ಆವಿಯು ಹೊತ್ತಿಕೊಳ್ಳುವಂಥದು. ಎಂಜಿನ್ ಪೂರ್ತಿ ತಣ್ಣಗಾಗಿದ್ದು ಗಾಳಿ ಆಡುವ ಜಾಗವಿರಲಿ. ಗಾಜಿನ ನಾರಾಗಿದ್ದರೆ ಕೈಗವಸು, ಮುಖಗವಸು ಅವಶ್ಯ.

ಎಣ್ಣೆ ಅಥವಾ ಡೀಸೆಲ್ ಹೀರಿರುವ ಹೊದಿಕೆಗೆ ದುರಸ್ತಿಯಿಲ್ಲ, ಅದನ್ನು ಎಸೆಯತಕ್ಕದ್ದು. ಜೊತೆಗೆ ಎಣ್ಣೆ ಎಲ್ಲಿಂದ ಸೋರಿತೆಂಬುದನ್ನೂ ಪತ್ತೆಹಚ್ಚಬೇಕು. ಅಲ್ಯೂಮಿನಿಯಂ ಹಾಳೆಯ ಮುಖವಿರುವ ಹೊದಿಕೆಯು ಬ್ಯಾಟರಿಯ ತುದಿಗಳ ಮೇಲೆ ಬಿದ್ದರೆ ವಿದ್ಯುತ್ ಶಾರ್ಟ್ ಆಗುವ ಅಪಾಯವೂ ಉಂಟು.

ಈಗ ಲೆಕ್ಕದ ಮಾತು. 1961ರ ಆದಾಯ ತೆರಿಗೆ ಅಧಿನಿಯಮದ 43(3)ನೇ ಪ್ರಕರಣದಲ್ಲಿ ‘ಸ್ಥಾವರ’ ಎಂಬ ಪದವು ವಾಹನವನ್ನೂ ಒಳಗೊಂಡಿತ್ತು. 31ನೇ ಪ್ರಕರಣವು ಅದರ ಚಾಲ್ತಿ ದುರಸ್ತಿಯ ವೆಚ್ಚವನ್ನು ಕಳೆಯಲು ಅವಕಾಶ ನೀಡಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಅಧಿನಿಯಮದಲ್ಲಿ ಪ್ರಕರಣಗಳ ಸಂಖ್ಯೆಗಳು ಬೇರೆಯಾದರೂ ದುರಸ್ತಿ ವೆಚ್ಚದ ಕಡಿತ ಉಳಿದಿದೆ. ಹೊಸ ಹೊದಿಕೆ ಹಾಕಿಸಿದರೆ ಅದು ಬಂಡವಾಳ ವೆಚ್ಚವಾಗುವುದೇ ಎಂಬ ಶಂಕೆ ಬೇಡ. 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಚಾಲ್ತಿ ದುರಸ್ತಿಯೆಂದು ಒಪ್ಪದಿದ್ದುದು ಪ್ರತ್ಯೇಕ ಯಂತ್ರವನ್ನೇ ಬದಲಿಸಿದುದನ್ನು. ಬಾನೆಟ್ ಹೊದಿಕೆಯು ತಾನೇ ಒಂದು ಯಂತ್ರವಲ್ಲ, ವಾಹನದ ಅಂಗ. ಕಾರು ಮನೆಯ ಬಳಕೆಗೂ ಹೋಗುತ್ತಿದ್ದರೆ ಮಾತ್ರ ವ್ಯವಹಾರದ ಪಾಲಿನಷ್ಟೇ ಕಡಿತ. ಊಹಾತ್ಮಕ ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ವೆಚ್ಚ ಪ್ರತ್ಯೇಕವಾಗಿ ದೊರೆಯದು.

ಜಿಎಸ್‌ಟಿಯಲ್ಲಿ ವ್ಯತ್ಯಾಸ ಬರುವುದು ವಾಹನದ ಬಗೆಯಿಂದ. ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೇ ಪ್ರಕರಣಕ್ಕೆ 2019ರ ಫೆಬ್ರವರಿ 1ರಿಂದ ಸೇರಿದ ಖಂಡದ ಪ್ರಕಾರ, ಚಾಲಕನೂ ಸೇರಿ 13 ಜನರವರೆಗೆ ಆಸನವಿರುವ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ಟ್ಯಾಕ್ಸಿ, ಚಾಲನಾ ತರಬೇತಿಯಂಥ ಕೆಲವು ವ್ಯವಹಾರಗಳಿಗೆ ವಿನಾಯಿತಿ ಉಂಟು. ಸರಕು ವಾಹನಕ್ಕೆ ಈ ತಡೆ ಅನ್ವಯಿಸದು. ಬಿಡಿಭಾಗ, ಕೂಲಿ ಸೇರಿ ಬಿಲ್ಲು ರೂ. 3,000, ಶೇ. 18ರ ತೆರಿಗೆ ರೂ. 540 ಎಂದುಕೊಂಡರೆ, ಪಿಕಪ್ಪಿಗಾದರೆ ರೂ. 3,000 ದುರಸ್ತಿ ಖಾತೆಗೆ, ರೂ. 540 ಜಮೆಗೆ, ಕಾರಿಗಾದರೆ ರೂ. 3,540 ಪೂರ್ತಿಯಾಗಿ ದುರಸ್ತಿ ಖಾತೆಗೆ. ರಾಜಿ ತೆರಿಗೆ ಪದ್ಧತಿಯ ವರ್ತಕರಿಗೆ ಯಾವ ವಾಹನಕ್ಕೂ ಜಮೆಯಿಲ್ಲ.

ವಿಮೆಯನ್ನು ನೆಚ್ಚಿ ಕೂರುವಂತಿಲ್ಲ. ಸವೆತವು ಮೋಟಾರು ಪಾಲಿಸಿಯ ವ್ಯಾಪ್ತಿಗೆ ಬಾರದು. ಬೆಂಕಿಯ ಹಾನಿ ವ್ಯಾಪ್ತಿಯೊಳಗಿದ್ದರೂ, ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲೀಕನು ಸಮಂಜಸವಾದ ಎಲ್ಲ ಕ್ರಮ ಕೈಗೊಳ್ಳಬೇಕೆಂಬ ಷರತ್ತು ಪಾಲಿಸಿಯಲ್ಲಿಯೇ ಇದೆ. ಸಮೀಕ್ಷಕನು ಕೇಳುವುದು ದಾಖಲೆಯನ್ನು. ಆದುದರಿಂದ ನಾಲ್ಕು ಕ್ಲಿಪ್ಪು ಹಾಕಿಸಿದ ಬಿಲ್ಲಾದರೂ ಅದು ಸಂಸ್ಥೆಯ ಹೆಸರಿನಲ್ಲಿದ್ದು, ಜಿಎಸ್‌ಟಿ ಸಂಖ್ಯೆಯೊಡನೆ ವಾಹನದ ನೋಂದಣಿ ಸಂಖ್ಯೆಯೂ ಅದರಲ್ಲಿ ನಮೂದಾಗಿರಬೇಕು.