ಯಾದಗಿರಿಯ ಹಾದಿಗೆ ಯಾವ ಬೈಸಿಕಲ್ಲು?

2006-07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಿಂದ ಎಂಟನೆಯ ತರಗತಿಯಲ್ಲಿ ಬೈಸಿಕಲ್ಲು ಪಡೆದು ಶಾಲೆಗೆ ಹೋದವರು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಅನೇಕರಿರುವರು. ಕಾಲೇಜು ಸೇರಿದ ಮೇಲೆ ಸವಾರಿ ಬಿಟ್ಟವನು ಮತ್ತೆ ಮನಸ್ಸುಮಾಡಿ ಅಂಗಡಿಗೆ ಹೋದರೆ ಎರಡು ಬಗೆಯ ಯಂತ್ರಗಳನ್ನು ಕಾಣುತ್ತಾನೆ: ಬಾಗಿದ ಹಿಡಿ, ಸಪೂರ ಟೈರುಗಳ ರೋಡ್ ಬೈಕು, ನೇರ ಹಿಡಿ, ಅಗಲ ಟೈರುಗಳ ಹೈಬ್ರಿಡ್. ಆಯ್ಕೆ ತಪ್ಪಿದರೆ ಹಣವಷ್ಟೇ ಅಲ್ಲ, ಮರಳಿ ಮೂಡಿದ ಉತ್ಸಾಹವೂ ಮೂಲೆ ಸೇರುವುದು.

ರೋಡ್ ಬೈಕಿನ ಹೆಚ್ಚುಗಾರಿಕೆ ಗಾಳಿಯನ್ನು ಸೀಳುವುದರಲ್ಲಿದೆ. ಸವಾರನು ಮುಂದಕ್ಕೆ ಬಾಗುವುದರಿಂದ ಗಾಳಿಗೆ ಎದುರಾಗುವ ಮೈಯ ವಿಸ್ತಾರ ಕಡಿಮೆಯಾಗುತ್ತದೆ. ನಿಶ್ಚಲವಾದ ಗಾಳಿಯಲ್ಲಿ ವೇಗವು ಗಂಟೆಗೆ 15 ಕಿಲೋಮೀಟರಿನಿಂದ 30ಕ್ಕೆ ಏರಿದರೆ ಗಾಳಿಯ ತಡೆ 4 ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವಾದರೋ 8 ಪಟ್ಟು! ಆದುದರಿಂದ ಬಾಗಿ ಕೂರುವುದರ ಲಾಭ ವೇಗದ ಸವಾರನಿಗೆ ದೊಡ್ಡದು. 15ರ ವೇಗದಲ್ಲಿ ತುಳಿಯುವವನಿಗೆ ಅಲ್ಪ.

ಇನ್ನು ಟೈರಿನ ವಿಚಾರ. ರೋಡ್ ಬೈಕಿನ ಟೈರಿನ ಅಗಲ ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರು; ಹೈಬ್ರಿಡ್‌ನದು 35ರಿಂದ 45. ಸಪೂರ ಟೈರಿನಲ್ಲಿ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ತುಂಬಬೇಕು. ನುಣುಪಾದ ಡಾಂಬರಿನ ಮೇಲೆ ಅದು ಸಲೀಸಾಗಿ ಉರುಳುತ್ತದೆ. ಜಲ್ಲಿಯ ಹಾದಿಯಲ್ಲಿ ಮಾತ್ರ ಗಟ್ಟಿ ಟೈರು ಕಲ್ಲಿಗೆ ತಗ್ಗದೆ ಸವಾರನನ್ನೇ ಎತ್ತಿಹಾಕುವುದು. ಮುಂದೆ ಸಾಗಿಸಬೇಕಾದ ಶಕ್ತಿಯು ಕುಲುಕಾಟದಲ್ಲಿ ವ್ಯಯವಾಗುವುದು. ಅಗಲವಾದ ಟೈರು ತಾನೇ ಕುಗ್ಗಿ ಕಲ್ಲನ್ನು ದಾಟುತ್ತದೆ.

ಈ ಸೀಮೆಯ ಎರೆಮಣ್ಣನ್ನೂ ಮರೆಯಬಾರದು. ಮಳೆ ಬಿದ್ದೊಡನೆ ಅದು ಹಿಗ್ಗಿ, ಅಂಟಾಗಿ, ಟೈರಿಗೂ ಚೌಕಟ್ಟಿಗೂ ನಡುವೆ ಸೇರಿ ಚಕ್ರವನ್ನು ಹಿಡಿದುಬಿಡುತ್ತದೆ. ಅಲ್ಲಿ ಹೆಚ್ಚು ತೆರವಿರುವ ಹೈಬ್ರಿಡ್ ಸ್ವಲ್ಪ ದೂರ ಹೆಚ್ಚಾಗಿ ಸಾಗೀತು. ಹೊಲದ ಕೆಸರಿನಲ್ಲಾದರೆ ಎರಡನ್ನೂ ಹೆಗಲ ಮೇಲೆ ಹೊರುವುದೇ ಲೇಸು!

ಸುರಪುರದ ಗುಡ್ಡದ ಏರಿನಲ್ಲಿ ಬೇಕಾದುದು ಹಗುರ ಗೇರು. ಅನೇಕ ಹೈಬ್ರಿಡ್‌ಗಳಲ್ಲಿರುವಂತೆ ಮುಂದೆ 28 ಹಲ್ಲು, ಹಿಂದೆ 32 ಹಲ್ಲುಗಳ ಚಕ್ರಗಳಿದ್ದರೆ, ಪೆಡಲಿನ ಒಂದು ಸುತ್ತಿಗೆ ಹಿಂದಿನ ಗಾಲಿ 7/8 ಸುತ್ತು ಮಾತ್ರ ತಿರುಗುತ್ತದೆ. ಹೋಗುವ ದೂರ ಕಡಿಮೆ, ತುಳಿಯುವ ಬಲವೂ ಕಡಿಮೆ. ಸವಾರಿ ಬಿಟ್ಟು ಬಹುಕಾಲವಾದ ಮೊಣಕಾಲಿಗೆ ಇದು ದೊಡ್ಡ ಉಪಕಾರ.

ಶಹಾಪುರದಿಂದ ಸುರಪುರಕ್ಕೆ ಹೆದ್ದಾರಿಯಲ್ಲೇ ವೇಗವಾಗಿ ಸಾಗುವವನು ರೋಡ್ ಬೈಕನ್ನು ಕೊಳ್ಳಲಿ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿಯುವವನಿಗೆ ಹೈಬ್ರಿಡ್ಡೇ ತಕ್ಕುದು. ಕೊಳ್ಳುವ ಮುನ್ನ ನೀವು ದಿನವೂ ಹೋಗುವ ದಾರಿಯನ್ನೊಮ್ಮೆ ನಡೆದು ನೋಡಿರಿ. ಅಂಗಡಿಯವನಿಗಿಂತ ಮೊದಲು ಆ ದಾರಿಯನ್ನು ಕೇಳುವುದು ಒಳ್ಳೆಯದು.