ಓದಲೊಂದು, ಬರೆಯಲೊಂದು

ಮನೆಯ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ ಒಂದು ಐಪಿ ವಿಳಾಸ ಕೊಟ್ಟರೆ ಸಾಕು. ಐಬಿಎಂ ಮೇನ್‌ಫ್ರೇಮಿನಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಹೊರಗಿನ ಈಥರ್ನೆಟ್ಟಿಗೆ ಗೇಟ್‌ವೇ ಒಂದೇ ಇದ್ದರೂ ಯಂತ್ರದ ಲೆಕ್ಕದಲ್ಲಿ ಅದು ಕಡೇಪಕ್ಷ ಎರಡು ಡಿವೈಸು. 0900 ಮತ್ತು 0901 ಎಂದಿಟ್ಟುಕೊಳ್ಳಿ. ಸಮಸಂಖ್ಯೆಯದು ಓದುವುದಕ್ಕೆ, ಅದರ ಮುಂದಿನ ಬೆಸಸಂಖ್ಯೆಯದು ಬರೆಯುವುದಕ್ಕೆ.

ಇದಕ್ಕೆ ಕಾರಣ ಚಾನೆಲ್, ಅಂದರೆ ಪ್ರೊಸೆಸರಿನ ಪರವಾಗಿ ಸಾಧನಗಳ ಓದು-ಬರಹ ನೋಡಿಕೊಳ್ಳುವ ಭಾಗ. 1964ರ ಏಪ್ರಿಲಿನಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360ಗೆ ಜೋಡಿಸುತ್ತಿದ್ದುದು ಕಾರ್ಡ್ ರೀಡರು, ಪ್ರಿಂಟರು, ಟೇಪುಗಳಂಥ ನಿಧಾನದ ಸಾಧನಗಳನ್ನು. ಪ್ರೊಸೆಸರು ಅವುಗಳ ಮುಂದೆ ಕಾಯುತ್ತ ಕೂತರೆ ದುಬಾರಿ ಯಂತ್ರದ ಹೊತ್ತೆಲ್ಲ ಹಾಳು. ಅದಕ್ಕೇ ಪ್ರೊಸೆಸರು ಏನೇನು ಮಾಡಬೇಕೆಂಬ ಪಟ್ಟಿಯನ್ನು ಮೆಮೊರಿಯಲ್ಲಿಟ್ಟು ಚಾನೆಲ್ಲಿಗೆ ಒಪ್ಪಿಸಿ, ತನ್ನ ಲೆಕ್ಕಾಚಾರಕ್ಕೆ ಮರಳುತ್ತದೆ. ಕೆಲಸ ಮುಗಿದಾಗ ಚಾನೆಲ್ಲೇ ಇಂಟರಪ್ಟ್ ಕಳಿಸಿ ತಿಳಿಸುತ್ತದೆ. ಐವತ್ತು ವರ್ಷ ದಾಟಿದರೂ ಹಳತಾಗದ ಯೋಚನೆಯಿದು ಎಂದೇ ನನ್ನ ಅಭಿಪ್ರಾಯ.

ಆದರೆ ಒಂದು ಡಿವೈಸಿನ ಮೇಲೆ ಒಂದು ಹೊತ್ತಿಗೆ ಒಂದೇ ಪಟ್ಟಿ ನಡೆಯಬಲ್ಲದು. ಪ್ರಿಂಟರಿಗೆ ಇದರಿಂದ ತೊಂದರೆಯಿಲ್ಲ. ನೆಟ್‌ವರ್ಕಿನಲ್ಲಿ ಪ್ಯಾಕೆಟ್ ಯಾವಾಗ ಬಂದೀತೆಂದು ಹೇಳುವವರಿಲ್ಲ, ಹಾಗಾಗಿ ಓದುವ ಆದೇಶ ಸದಾ ಬಾಕಿ ಇರಲೇಬೇಕು. ಅತಿಥಿಗಾಗಿ ಬಾಗಿಲಲ್ಲೇ ನಿಂತವನನ್ನು ಅಂಗಡಿಗೂ ಕಳಿಸಲಾದೀತೇ? ಓದಲು ಕಾದು ನಿಂತ 0900 ಕೂಡ ಹಾಗೇ ‘ಬ್ಯುಸಿ’. ಕಳಿಸುವ ಕೆಲಸಕ್ಕೆ 0901 ಬೇಕಾದದ್ದು ಅದಕ್ಕೇ.

ಈ ಸಂಖ್ಯೆಗಳು ಎರಡು ಕಡೆ ದಾಖಲಾಗಬೇಕು. ಮೊದಲನೆಯದು ಯಂತ್ರದ ಸ್ವಂತ ಐಒಸಿಡಿಎಸ್: ಯಾವ ಚಾನೆಲ್ ಹಾದಿ, ಅದರಲ್ಲಿ ಯಾವ ಕಂಟ್ರೋಲ್ ಯೂನಿಟ್, ಅದರಡಿ ಯಾವ ಡಿವೈಸುಗಳು ಎಂಬುದೆಲ್ಲ ಅಲ್ಲಿರುತ್ತದೆ. ಎರಡನೆಯದು ಟಿಸಿಪಿ/ಐಪಿಯ ಪ್ರೊಫೈಲ್ ಫೈಲು. ಅದರ ‘ಡಿವೈಸ್’ ಸಾಲಿನಲ್ಲಿ 0900, ‘ಲಿಂಕ್’ ಸಾಲಿನಲ್ಲಿ ಅದು ಈಥರ್ನೆಟ್ ಎಂಬ ಮಾಹಿತಿ, ‘ಹೋಮ್’ ಸಾಲಿನಲ್ಲಿ 10.1.1.5ರಂಥ ಐಪಿ ವಿಳಾಸ, ಕೊನೆಗೆ ‘ಸ್ಟಾರ್ಟ್’. ಐಪಿ ವಿಳಾಸ ಅಂಟಿಕೊಳ್ಳುವುದು ಲಿಂಕಿಗೆ, ಲಿಂಕ್ ನಿಲ್ಲುವುದು ಡಿವೈಸಿನ ಮೇಲೆ. ಆದ್ದರಿಂದ ಹೋಮ್ ಸಾಲು ಎಷ್ಟೇ ಸರಿಯಿರಲಿ, ಡಿವೈಸ್ ಸಂಖ್ಯೆ ಐಒಸಿಡಿಎಸ್ಸಿನಲ್ಲಿ ಇಲ್ಲದಿದ್ದರೆ ಪ್ಯಾಕೆಟ್ ಅಲುಗದು. ದೋಷದ ಹುಡುಕಾಟವನ್ನು ಕೆಳಗಿನಿಂದಲೇ ಶುರುಮಾಡಬೇಕು. ಡಿವೈಸ್ ಸಂಖ್ಯೆಗಳು ಹದಿನಾರರ ಎಣಿಕೆಯವು ಎಂಬುದೂ ನೆನಪಿರಲಿ: 0909 ಆದಮೇಲೆ ಬರುವುದು 090ಎ.

ಮೊದಲು ಗೇಟ್‌ವೇ ಎಂದರೆ ಐಬಿಎಂ 3172ರಂಥ ಪ್ರತ್ಯೇಕ ಪೆಟ್ಟಿಗೆ. ಅದರ ಒಂದು ಬದಿಗೆ ಚಾನೆಲ್ ಕೇಬಲ್, ಇನ್ನೊಂದು ಬದಿಗೆ ಈಥರ್ನೆಟ್ ಅಥವಾ ಟೋಕನ್ ರಿಂಗ್. ಈಗ ಆ ಕೆಲಸ ಯಂತ್ರದೊಳಗಿನ ಓಎಸ್‌ಎ ಕಾರ್ಡಿನದು. ಅದರ ಕ್ಯೂಡಿಐಒ ವಿಧಾನದಲ್ಲಿ ಪ್ರತಿ ಪ್ಯಾಕೆಟ್ಟಿಗೂ ಚಾನೆಲ್ ಪಟ್ಟಿ ಬರೆಯಬೇಕಿಲ್ಲ. ಮೆಮೊರಿಯಲ್ಲಿರುವ ಸರದಿ ಸಾಲುಗಳಿಂದ ಕಾರ್ಡು ನೇರವಾಗಿ ಎತ್ತಿಕೊಳ್ಳುತ್ತದೆ, ಅಲ್ಲಿಯೇ ಇಡುತ್ತದೆ. ಇದಕ್ಕೆಂದು ಮೂರನೆಯ ಡಿವೈಸು, 0902. ಹಳೆಯ ಜೋಡಿಯೂ ಉಳಿದಿದೆ, ನಿಯಂತ್ರಣದ ಸಂದೇಶಗಳನ್ನು ಹೊರಲು.

ಮೇನ್‌ಫ್ರೇಮ್ ಲಿನಕ್ಸ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. 0.0.0900, 0.0.0901, 0.0.0902 ಮೂರನ್ನೂ ಒಂದು ಗುಂಪಾಗಿ ಕಟ್ಟಿ ಆನ್‌ಲೈನ್ ಮಾಡಿದ ಮೇಲಷ್ಟೇ ನೆಟ್‌ವರ್ಕ್ ಇಂಟರ್‌ಫೇಸ್ ಪಟ್ಟಿಯಲ್ಲಿ ಮೂಡುತ್ತದೆ. ಐಪಿ ವಿಳಾಸದ ಮಾತು ಆಮೇಲೆ. ಕಾರ್ಡು ಈಥರ್ನೆಟ್ ಮಟ್ಟದಲ್ಲಿ (ಲೇಯರ್ 2) ಕೆಲಸ ಮಾಡಬೇಕೋ ಐಪಿ ಮಟ್ಟದಲ್ಲಿ (ಲೇಯರ್ 3) ಮಾಡಬೇಕೋ ಎಂಬುದನ್ನು ಆನ್‌ಲೈನ್ ಮಾಡುವ ಮೊದಲೇ ಹೇಳಿಬಿಡಬೇಕು. ನಂತರ ಬದಲಿಸಬೇಕೆಂದರೆ ಇಡೀ ಗುಂಪನ್ನು ಆಫ್‌ಲೈನ್ ಮಾಡಬೇಕಾಗುತ್ತದೆ.